ಹಳಿಗಳ ನಡುವಣ ನಡುಗಡ್ಡೆ

ಕರ್ನಾಟಕದ ಭೂಪಟವೊಂದನ್ನು ಮೇಜಿನ ಮೇಲೆ ಹರಡಿಕೊಂಡು, ರೈಲುಮಾರ್ಗವನ್ನು ಸೂಚಿಸುವ ಗೆರೆಯ ಮೇಲೆ ಬೆರಳಿಟ್ಟು ಮೆಲ್ಲನೆ ಸಾಗೋಣ. ಘಟಪ್ರಭಾ ನಿಲ್ದಾಣದಿಂದ ಹೊರಟ ಬೆರಳು ಬೆಳಗಾವಿಗೆ ಬರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಖಾನಾಪುರ, ಲೋಂಡಾಗಳನ್ನು ಮುಟ್ಟುತ್ತದೆ. ಮತ್ತೆ ಪೂರ್ವಕ್ಕೆ ಹೊರಳಿ ಅಳ್ನಾವರ, ಧಾರವಾಡ, ಹುಬ್ಬಳ್ಳಿಗಳನ್ನು ಹಾಯ್ದು ಗದಗನ್ನು ಸೇರುತ್ತದೆ. ಕೊನೆಗೆ ಉತ್ತರಾಭಿಮುಖವಾಗಿ ಬಾದಾಮಿ, ಬಾಗಲಕೋಟೆಗಳತ್ತ ನಡೆಯುತ್ತದೆ. ಬೆರಳು ಬರೆದ ಈ ದೊಡ್ಡ ಬಳಸುದಾರಿಯ ಒಳಗೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳಿವೆ. ನಾಲ್ಕೂ ಇತಿಹಾಸಪ್ರಸಿದ್ಧವಾದವು, ನಾಲ್ಕರಲ್ಲಿಯೂ ಸಂತೆ, ಶಾಲೆ, ಕಚೇರಿಗಳಿವೆ. ಆದರೆ ನಾಲ್ಕರಲ್ಲಿ ಒಂದರಲ್ಲಿಯಾದರೂ ಇಂದಿನವರೆಗೆ ರೈಲುನಿಲ್ದಾಣವಿಲ್ಲ. 1880ರ ದಶಕದಲ್ಲಿ ಈ ಭಾಗಕ್ಕೆ ಬಂದ ಹಳಿಗಳು ಈ ನಾಡನ್ನು ಸುತ್ತುವರಿದುವೇ ಹೊರತು ಒಳಹೊಗಲಿಲ್ಲ.

ಸುತ್ತಲೂ ನೀರಿದ್ದು ನಡುವೆ ನೆಲವಿದ್ದರೆ ಅದನ್ನು ನಡುಗಡ್ಡೆ ಎನ್ನುತ್ತೇವೆ. ಸುತ್ತಲೂ ಹಳಿಗಳಿದ್ದು ನಡುವೆ ಹಳಿಯಿಲ್ಲದಿರುವ ಈ ನೆಲವನ್ನೂ ಒಂದು ಬಗೆಯ ನಡುಗಡ್ಡೆ ಎಂದೇ ಕರೆಯಬಹುದು. ಕೆರಿಬಿಯನ್ ಕಡಲಿನ ದ್ವೀಪರಾಷ್ಟ್ರಗಳಲ್ಲಿ ಕೆಲವು ಹಿಂದೆ ರೈಲುಗಳನ್ನು ಓಡಿಸಿ ಆಮೇಲೆ ಕೈಬಿಟ್ಟುವು. ಬಾರ್ಬಡೋಸಿನ ರೈಲು 1937ರಲ್ಲಿಯೂ ಟ್ರಿನಿಡಾಡಿನ ರೈಲು 1968ರಲ್ಲಿಯೂ ನಿಂತುಹೋದುವು. ಅಂದಿನಿಂದ ಅಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ನೆಲದ ಮೇಲೆ ಹೋಗಬೇಕಾದವನಿಗೆ ರಸ್ತೆಯೊಂದೇ ಗತಿ. ನಮ್ಮ ಈ ನಾಲ್ಕು ಊರುಗಳವರ ಸ್ಥಿತಿಯೂ ಅದೇ. ಆದುದರಿಂದ ಇಲ್ಲಿ ರಸ್ತೆ ಕೆಟ್ಟರೆ ಪ್ರಯಾಣದ ಸುಖವಷ್ಟೇ ಕೆಡುವುದಿಲ್ಲ. ಶಾಲೆ, ಆಸ್ಪತ್ರೆ, ಮಾರುಕಟ್ಟೆ ಎಲ್ಲವೂ ದೂರವಾಗುತ್ತವೆ. ಈ ನಾಡಿನ ನೆಲ ಎಂತಹುದು, ಜನ ಎಷ್ಟು, ಅವರ ದಾರಿಗಳು ಏಕೆ ಹಾಗಿವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ನದಿಯೊಂದು, ನೆಲ ಹಲವು

ಈ ನಾಲ್ಕು ಊರುಗಳ ಸೀಮೆಯನ್ನು ಒಂದಾಗಿ ಕಟ್ಟಿರುವ ದಾರವೆಂದರೆ ಮಲಪ್ರಭಾ ನದಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಬಳಿ, ಸಹ್ಯಾದ್ರಿಯ ದಟ್ಟ ಕಾಡಿನಲ್ಲಿ ಹುಟ್ಟುವ ಈ ನದಿ ಸುಮಾರು 300 ಕಿಲೋಮೀಟರು ಪೂರ್ವಕ್ಕೆ ಹರಿದು, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಟ್ಟಿದೆಡೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ಬಂದಂತೆಲ್ಲ ಮಳೆ ಬೇಗಬೇಗನೆ ಕುಗ್ಗಿ, ರಾಮದುರ್ಗದ ಬಳಿ ಸುಮಾರು ಆರುನೂರು ಮಿಲಿಮೀಟರಿಗೆ ಇಳಿಯುತ್ತದೆ. ಕಾರಣ ಸರಳವಾದುದು. ಅರಬ್ಬೀ ಕಡಲಿನಿಂದ ಬರುವ ತೇವದ ಗಾಳಿ ಘಟ್ಟವನ್ನೇರುವಾಗ ತಣ್ಣಗಾಗಿ ತನ್ನ ನೀರನ್ನು ಅಲ್ಲಿಯೇ ಸುರಿದುಬಿಡುತ್ತದೆ. ಘಟ್ಟವನ್ನು ದಾಟಿ ಇಳಿಯುವಾಗ ಬೆಚ್ಚಗಾಗಿ, ಉಳಿದ ತೇವವನ್ನು ಬಿಗಿಹಿಡಿದುಕೊಂಡು ಮುಂದೆ ಸಾಗುತ್ತದೆ. ಹೀಗೆ ಒಂದೇ ನದಿಯ ದಡದಲ್ಲಿ ಮೇಲಿನವರಿಗೆ ಮಳೆಯ ಕಾಟ, ಕೆಳಗಿನವರಿಗೆ ಮಳೆಯ ಬರ. ಈ ವಿಚಿತ್ರವನ್ನು ನೆನಪಿನಲ್ಲಿಡಬೇಕು; ಮುಂದೆ ನೆರೆಯ ವಿಷಯ ಬಂದಾಗ ಅದು ಬೇಕಾಗುತ್ತದೆ.

ಕಿತ್ತೂರು ಈ ಸೀಮೆಯ ಪಶ್ಚಿಮದ ಬಾಗಿಲು. ಅದರ ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಪೂರ್ವಕ್ಕೆ ಬಯಲುಸೀಮೆ. ಬೈಲಹೊಂಗಲದ ಸುತ್ತ ತೆರೆದ ಎರೆಭೂಮಿ. ಕಣ್ಣು ಹಾಯುವವರೆಗೂ ಹೊಲಗಳು. ಸವದತ್ತಿಗೆ ಬಂದೊಡನೆ ನೆಲದ ರೂಪವೇ ಬದಲಾಗುತ್ತದೆ. ಕೆಂಪು ಬಿಳುಪು ಮಿಶ್ರವಾದ ಗಟ್ಟಿ ಮರಳುಗಲ್ಲಿನ ಗುಡ್ಡಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಎಲ್ಲಮ್ಮನ ಗುಡ್ಡವೂ ಇವುಗಳಲ್ಲೊಂದು. ಇವು ರಾಮದುರ್ಗವನ್ನು ದಾಟಿ ಬಾದಾಮಿಯವರೆಗೂ ಹಬ್ಬಿವೆ.

ಈ ಶಿಲೆಗಳ ವಿಷಯದಲ್ಲಿ ವಿದ್ಯಾರ್ಥಿಗಳು ತಿಳಿದು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1876ರಲ್ಲಿ ಈ ಪ್ರದೇಶದ ಶಿಲೆಗಳ ವಿವರವನ್ನು ಪ್ರಕಟಿಸಿದನು. ಈ ಶಿಲಾಸಮೂಹಕ್ಕೆ ಕಲಾದಗಿ ಎಂಬ ಊರಿನ ಹೆಸರು ನಿಂತಿತು. ಮುಂದೆ ಭೂವಿಜ್ಞಾನಿಗಳು ಅದನ್ನು ಪದರಪದರವಾಗಿ ವಿಂಗಡಿಸಿದಾಗ, ಒಂದು ಪದರಕ್ಕೆ ‘ರಾಮದುರ್ಗ ರಚನೆ’ ಎಂದೂ, ಅದರಲ್ಲಿಯ ಗಟ್ಟಿ ಬೆಣಚುಶಿಲೆಗೆ ‘ಸವದತ್ತಿ ಕ್ವಾರ್ಟ್ಜೈಟ್’ ಎಂದೂ, ಮೇಲಿನ ಪದರಕ್ಕೆ ‘ಯರಗಟ್ಟಿ ರಚನೆ’ ಎಂದೂ ಹೆಸರಿಟ್ಟರು. ಯಾವ ದೇಶದ ಭೂವಿಜ್ಞಾನಿಯಾದರೂ ದಕ್ಷಿಣ ಭಾರತದ ಪ್ರಾಚೀನ ಶಿಲೆಗಳನ್ನು ಅಭ್ಯಸಿಸುವಾಗ ಈ ಊರುಗಳ ಹೆಸರನ್ನು ಉಚ್ಚರಿಸಲೇಬೇಕು. ನೂರು ಕೋಟಿ ವರ್ಷಗಳಿಗೂ ಹಿಂದೆ, ಭೂಮಿಯ ಮೇಲೆ ಗಿಡಮರ, ಪಶುಪಕ್ಷಿಗಳಾವುವೂ ಇಲ್ಲದಿದ್ದ ಕಾಲದಲ್ಲಿ, ನೀರಿನ ತಳದಲ್ಲಿ ನೆಲೆಗೊಂಡ ಮರಳೇ ಒತ್ತಡದಿಂದ ಗಟ್ಟಿಯಾಗಿ ಇಂದಿನ ಗುಡ್ಡಗಳಾಗಿದೆ.

ಇವುಗಳಿಗೆ ಹೋಲಿಸಿದರೆ ಬೆಳಗಾವಿ ಜಿಲ್ಲೆಯ ಬಹುಭಾಗವನ್ನು ಮುಚ್ಚಿರುವ ಕರಿಗಲ್ಲು ತೀರ ಎಳೆಯದು. ಅದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಶಿಲಾರಸ. ಈ ಕರಿಗಲ್ಲು ಬಿಸಿಲು ಮಳೆಗಳಿಂದ ಸವೆದು ಪುಡಿಯಾದಾಗ ಎರೆಮಣ್ಣು ಹುಟ್ಟುತ್ತದೆ. ಮರಳುಗಲ್ಲು ಸವೆದಲ್ಲಿ ಉಂಟಾಗುವುದು ಮಸಾರಿ ಇಲ್ಲವೆ ಮಡ್ಡಿ. ರೈತನು ಎರೆಯಲ್ಲಿ ಹಿಂಗಾರಿಯ ಬಿಳಿಜೋಳವನ್ನೂ ಹತ್ತಿಯನ್ನೂ ಬಿತ್ತುತ್ತಾನೆ. ಮಡ್ಡಿಯಲ್ಲಿ ದನ ಮೇಯಿಸುತ್ತಾನೆ. ರಸ್ತೆಯನ್ನು ಕಟ್ಟುವವನಿಗಾದರೋ ಇದು ತಿರುವುಮುರುವು: ಮಡ್ಡಿಯೇ ಬಂಗಾರ, ಎರೆಯೇ ಶತ್ರು.

ಸವದತ್ತಿಯ ಬಳಿ ಮಲಪ್ರಭೆ ಈ ಗಟ್ಟಿಗಲ್ಲಿನ ಗುಡ್ಡಸಾಲನ್ನು ಒಂದು ಇಕ್ಕಟ್ಟಾದ ಕಣಿವೆಯಲ್ಲಿ ಭೇದಿಸಿಕೊಂಡು ಹೋಗುತ್ತದೆ. ಆ ಎಡೆಗೆ ನವಿಲುತೀರ್ಥವೆಂದು ಹೆಸರು. ಎರಡೂ ಕಡೆ ಗಟ್ಟಿ ಬಂಡೆ, ನಡುವೆ ಕಿರಿದಾದ ದಾರಿ, ಹಿಂದೆ ವಿಸ್ತಾರವಾದ ಬಯಲು. ಅಣೆಕಟ್ಟಿಗೆ ಇದಕ್ಕಿಂತ ಯೋಗ್ಯವಾದ ಸ್ಥಳ ಬೇರೆ ಯಾವುದಿದ್ದೀತು? 1972ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರಾಯಿತು. ಅದು ಸುಮಾರು 37 ಟಿ.ಎಂ.ಸಿ., ಎಂದರೆ ನೂರು ಕೋಟಿ ಘನಮೀಟರಿಗೂ ಮಿಕ್ಕ ನೀರನ್ನು ಹಿಡಿಯಬಲ್ಲುದು. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ಕಾಲುವೆಯ ನೀರೂ, ಹುಬ್ಬಳ್ಳಿ-ಧಾರವಾಡದ ಜನರಿಗೆ ಕುಡಿಯುವ ನೀರೂ ಇಲ್ಲಿಂದಲೇ ಹೋಗುತ್ತವೆ.

ಜನ ಎಷ್ಟು?

ಈ ಊರುಗಳೆಲ್ಲವೂ ಬೆಳಗಾವಿ ಜಿಲ್ಲೆಗೆ ಸೇರಿದುವು. 13,415 ಚದರ ಕಿಲೋಮೀಟರು ವಿಸ್ತಾರವಾದ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 47,79,661 ಜನರಿದ್ದರು. ಚದರ ಕಿಲೋಮೀಟರಿಗೆ 356 ಮಂದಿ. ಇದು ಎಷ್ಟು ದೊಡ್ಡ ಸಂಖ್ಯೆ ಎಂಬುದನ್ನು ತಿಳಿಯಲು ಕೆರಿಬಿಯನ್ ಕಡಲಿನ ಜಮೈಕಾ ದ್ವೀಪವನ್ನು ಪಕ್ಕದಲ್ಲಿಟ್ಟು ನೋಡೋಣ. ಅದರ ವಿಸ್ತಾರ 10,991 ಚದರ ಕಿಲೋಮೀಟರು. 2011ರಲ್ಲಿಯೇ ಅಲ್ಲಿ ನಡೆದ ಜನಗಣತಿಯಂತೆ ಅಲ್ಲಿದ್ದವರು ಸುಮಾರು 27 ಲಕ್ಷ. ನಮ್ಮ ಒಂದು ಜಿಲ್ಲೆ ವಿಸ್ತಾರದಲ್ಲಿ ಆ ರಾಷ್ಟ್ರಕ್ಕಿಂತ ಹಿರಿದು. ಜನಸಂಖ್ಯೆಯಲ್ಲಿ ಅದರ ಒಂದೂಮುಕ್ಕಾಲು ಪಟ್ಟು.

2011ರಲ್ಲಿ ಬೈಲಹೊಂಗಲ ಪಟ್ಟಣದಲ್ಲಿ ಸುಮಾರು 49 ಸಾವಿರ, ಸವದತ್ತಿಯಲ್ಲಿ ಸುಮಾರು 41 ಸಾವಿರ, ರಾಮದುರ್ಗದಲ್ಲಿ ಸುಮಾರು 35 ಸಾವಿರ ಜನರಿದ್ದರು. ಆದರೆ ಜಿಲ್ಲೆಯ ನಾಲ್ವರಲ್ಲಿ ಮೂವರು ಪಟ್ಟಣಗಳ ಹೊರಗೆ, ಹಳ್ಳಿಗಳಲ್ಲಿ ವಾಸಿಸುವವರು. ಪಟ್ಟಣವೆಂಬುದು ಅವರ ಪಾಲಿಗೆ ಸಂತೆಗೋ ಶಾಲೆಗೋ ಆಸ್ಪತ್ರೆಗೋ ಹೋಗಿಬರುವ ಸ್ಥಳ. ಆದುದರಿಂದ ಇಲ್ಲಿಯ ರಸ್ತೆಗಳ ಮೇಲೆ ಪ್ರತಿದಿನವೂ ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಹಳ್ಳಿಗೆ ದೊಡ್ಡದೊಂದು ಜನಪ್ರವಾಹವೇ ಹರಿಯುತ್ತಿರುತ್ತದೆ.

ಹಳೆಯ ಅಂಕಗಳೊಡನೆ ಹೋಲಿಸುವವರು ಒಂದೆರಡು ಎಚ್ಚರಿಕೆಗಳನ್ನು ವಹಿಸಬೇಕು. ಬೈಲಹೊಂಗಲ ತಾಲ್ಲೂಕಿಗೆ ಹಿಂದೆ ಸಂಪಗಾವಿಯ ಹೆಸರೂ ಸವದತ್ತಿ ತಾಲ್ಲೂಕಿಗೆ ಪರಸಗಡದ ಹೆಸರೂ ಇದ್ದುವು. ರಾಮದುರ್ಗವು ಪ್ರತ್ಯೇಕ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 169 ಚದರ ಮೈಲಿಯ ಆ ಸಂಸ್ಥಾನದಲ್ಲಿ 1901ರಲ್ಲಿ ಇದ್ದವರು 37,848 ಜನ. ಚದರ ಕಿಲೋಮೀಟರಿಗೆ ಲೆಕ್ಕಹಾಕಿದರೆ 86 ಮಂದಿ. ಕಿತ್ತೂರು 2011ರ ಗಣತಿಯ ಕಾಲಕ್ಕೆ ಬೈಲಹೊಂಗಲ ತಾಲ್ಲೂಕಿನಲ್ಲಿಯೇ ಇದ್ದು, ಆಮೇಲೆ ಬೇರೆ ತಾಲ್ಲೂಕಾಯಿತು. ಯರಗಟ್ಟಿಯೂ ಹಾಗೆಯೇ ಸವದತ್ತಿಯಿಂದ ಬೇರೆಯಾಯಿತು. 

ಅಂಕಗಳು ಒಮ್ಮೊಮ್ಮೆ ಕಥೆಗಳಿಗಿಂತ ದಾರುಣವಾಗಿ ಮಾತನಾಡುತ್ತವೆ. ಅಂದಿನ ಬೆಳಗಾವಿ ಜಿಲ್ಲೆಯಲ್ಲಿ 1872ರಲ್ಲಿ ಸುಮಾರು 9 ಲಕ್ಷ 39 ಸಾವಿರ ಜನರಿದ್ದರು. ಒಂಬತ್ತು ವರ್ಷಗಳ ತರುವಾಯ, 1881ರಲ್ಲಿ, ಈ ಸಂಖ್ಯೆ ಹೆಚ್ಚುವುದರ ಬದಲು ಸುಮಾರು 8 ಲಕ್ಷ 64 ಸಾವಿರಕ್ಕೆ ಇಳಿದಿತ್ತು. ನಡುವೆ ಬಂದುದು 1876-78ರ ಘೋರ ಕ್ಷಾಮ. ಆಗ ರೈಲು ಈ ಜಿಲ್ಲೆಯನ್ನು ಇನ್ನೂ ಮುಟ್ಟಿರಲಿಲ್ಲ. ಕಾಳು ಬರಬೇಕಾದರೆ ಎತ್ತಿನ ಗಾಡಿಯಲ್ಲಿಯೇ ಬರಬೇಕು. ಎತ್ತು ನಡೆಯಬೇಕಾದರೆ ದಾರಿಯುದ್ದಕ್ಕೂ ಮೇವೂ ನೀರೂ ಇರಬೇಕು. ಬರಗಾಲದಲ್ಲಿ ಮೊದಲು ಮಾಯವಾಗುವುದು ಮೇವು ಮತ್ತು ನೀರು. ಹೀಗಾಗಿ ಕಾಳು ಅತ್ಯಂತ ಅಗತ್ಯವಾಗಿದ್ದ ಹೊತ್ತಿನಲ್ಲಿಯೇ ಅದನ್ನು ಸಾಗಿಸುವ ಶಕ್ತಿ ಅತ್ಯಂತ ಕುಗ್ಗಿರುತ್ತಿತ್ತು. ಸಾಗಾಟದ ದಾರಿಯಿಲ್ಲದ ನಾಡಿನಲ್ಲಿ ಬರವು ಹೇಗೆ ಕ್ಷಾಮವಾಗಿ ತಿರುಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ದಾರಿಗಳು ಹುಟ್ಟಿದ ಬಗೆ

ದಾರಿಗಳನ್ನು ಹುಟ್ಟಿಸುವ ಶಕ್ತಿಗಳು ಮುಖ್ಯವಾಗಿ ಮೂರು: ಆಡಳಿತ, ವ್ಯಾಪಾರ, ಯಾತ್ರೆ. ಈ ನಾಲ್ಕು ಊರುಗಳಲ್ಲಿ ಮೂರರ ಗುರುತೂ ಸ್ಪಷ್ಟವಾಗಿ ಉಳಿದಿದೆ.

ಕಿತ್ತೂರು ಬೆಳಗಾವಿ-ಧಾರವಾಡಗಳ ನಡುವಣ ದಾರಿಯ ಮೇಲಿದೆ. ಧಾರವಾಡಕ್ಕೆ ಸುಮಾರು 30 ಕಿಲೋಮೀಟರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಮಡಿದುದು, ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯದೊಡನೆ ಬಂದು ಕೋಟೆಯನ್ನು ಹಿಡಿದುದು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡುದು, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದುದು, ಇವು ಓದುಗರಿಗೆಲ್ಲ ತಿಳಿದ ಸಂಗತಿಗಳು. ಅಂದು ಸೈನ್ಯಗಳು ನಡೆದ ಈ ಸೀಮೆಯಲ್ಲಿಯೇ ಇಂದು ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಬಹುಕಾಲ 4ನೆಯ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದ ಆ ರಾಷ್ಟ್ರೀಯ ಹೆದ್ದಾರಿಗೆ ಈಗ 48 ಎಂದು ಸಂಖ್ಯೆ. ಅದು ಮಲಪ್ರಭೆಯನ್ನು ಎಂ. ಕೆ. ಹುಬ್ಬಳ್ಳಿಯ ಬಳಿ ದಾಟುತ್ತದೆ.

ವ್ಯಾಪಾರದ ದಾರಿಯ ಕಥೆ ಇನ್ನೂ ಸ್ವಾರಸ್ಯವಾದುದು. ಬೆಳಗಾವಿ, ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿ ಒಂದು ಕಾಲದಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರಾಗಿತ್ತು. ಕುಮಟೆ ಇರುವುದಾದರೋ ಕಡಲತೀರದಲ್ಲಿ. ಅಲ್ಲಿ ಈ ಹತ್ತಿ ಬೆಳೆಯುವುದಿಲ್ಲ. ಹಾಗಾದರೆ ಆ ಹೆಸರೇಕೆ? ಬಯಲುಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರಿ ಮುಂಬಯಿಗೆ ಹೋಗುತ್ತಿತ್ತು. ಕೊಳ್ಳುವವನು ಬೆಳೆದ ಹೊಲವನ್ನು ಕಾಣಲಿಲ್ಲ, ಹತ್ತಿ ಬಂದ ಬಂದರನ್ನಷ್ಟೇ ಕಂಡನು. ಬೆಳೆಗೆ ಹೊಲದ ಹೆಸರು ಹೋಗಿ ದಾರಿಯ ಹೆಸರು ನಿಂತಿತು. ರೈಲು ಬಂದ ಮೇಲೆ ಹತ್ತಿ ಹಳಿಯ ದಾರಿಯನ್ನು ಹಿಡಿಯಿತು. ಕುಮಟೆಯ ಬಂದರಿನ ವೈಭವ ಕುಂದಿತು. ಬೈಲಹೊಂಗಲದ ಹತ್ತಿಪೇಟೆಯ ಗಾಡಿಗಳಾದರೋ ರೈಲನ್ನು ಸೇರುವುದಕ್ಕೂ ಮೊದಲು ರಸ್ತೆಯಲ್ಲಿ ದೂರ ನಡೆಯಲೇಬೇಕಾಗಿತ್ತು.

ಯಾತ್ರೆಯ ದಾರಿಗಳೆಲ್ಲ ಸವದತ್ತಿಯತ್ತ ಹರಿಯುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕದ ನಾನಾ ಭಾಗಗಳಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಎಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಸಿಂಗರಿಸಿದ ಎತ್ತುಗಳನ್ನು ಕಟ್ಟಿದ ಚಕ್ಕಡಿಗಳ ಸಾಲು ಇಂದಿಗೂ ಪೂರ್ತಿ ಮರೆಯಾಗಿಲ್ಲ. ಈಗ ಅವುಗಳ ಪಕ್ಕದಲ್ಲಿ ಟ್ರ್ಯಾಕ್ಟರು, ಬಸ್ಸು, ಕಾರುಗಳು ಬಂದಿವೆ. 1997ರಲ್ಲಿ ಸ್ಥಾಪಿತವಾದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳೇ ಈ ನಾಲ್ಕು ಊರುಗಳನ್ನು ಒಂದಕ್ಕೊಂದು ಹೊಲಿಯುವ ನೂಲು. 2023ರ ಜೂನ್ 11ರಂದು ರಾಜ್ಯ ಸರ್ಕಾರವು ಮಹಿಳೆಯರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಏರ್ಪಾಡನ್ನು ಜಾರಿಗೆ ತಂದ ಮೇಲೆ, ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಸ್ಥಳ ದೊರೆಯುವುದೇ ಭಾಗ್ಯವೆನ್ನಬೇಕು.

ಎರೆಮಣ್ಣಿನ ಹಟ

ಇನ್ನು ನಮ್ಮ ವಿಷಯದ ಮುಖ್ಯಭಾಗಕ್ಕೆ ಬರೋಣ. ಈ ಸೀಮೆಯಲ್ಲಿ ಹೊಸದಾಗಿ ಡಾಂಬರು ಹಾಕಿದ ರಸ್ತೆಯೊಂದು ಎರಡು ಮೂರು ಮಳೆಗಾಲಗಳಲ್ಲಿಯೇ ಅಲೆಯಲೆಯಾಗಿ ಉಬ್ಬಿ, ಅಂಚುಗಳಲ್ಲಿ ಉದ್ದುದ್ದಕ್ಕೆ ಬಿರಿದು, ಕೊನೆಗೆ ಹೊಂಡಗಳ ಸಾಲಾಗುವುದನ್ನು ನಾವು ಕಂಡಿದ್ದೇವೆ. ಕೆಲಸ ಕಳಪೆಯಾಗಿತ್ತೆಂದು ಜನ ಹೇಳುವುದುಂಟು. ಎಷ್ಟೋ ವೇಳೆ ಅದು ನಿಜವೂ ಆಗಿರಬಹುದು. ಆದರೆ ಒಳ್ಳೆಯ ಕೆಲಸವನ್ನೂ ಕೆಡಿಸಬಲ್ಲ ಕಾರಣವೊಂದು ರಸ್ತೆಯ ಕೆಳಗೇ ಅಡಗಿದೆ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಖನಿಜವು ಹೇರಳವಾಗಿರುತ್ತದೆ. ಇದರ ಕಣವೆಂದರೆ ಒಂದರ ಮೇಲೊಂದು ಪೇರಿಸಿಟ್ಟ ಅತಿ ತೆಳುವಾದ ಹಾಳೆಗಳ ಕಟ್ಟು. ಹಾಳೆಗಳನ್ನು ಪರಸ್ಪರ ಹಿಡಿದಿಟ್ಟಿರುವ ಬಲ ಬಹಳ ಕಡಿಮೆ. ನೀರು ಬಂದೊಡನೆ ಹಾಳೆಗಳ ನಡುವೆ ನುಸುಳಿ ಅವನ್ನು ದೂರದೂರಕ್ಕೆ ತಳ್ಳುತ್ತದೆ; ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ. ಮಣ್ಣು ಕುಗ್ಗಿ, ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ರೈತನಿಗೆ ಇದು ವರ. ಬಿರುಕುಗಳೊಳಗೆ ಮೇಲ್ಮಣ್ಣು ಬಿದ್ದು ಭೂಮಿ ತನ್ನನ್ನು ತಾನೇ ಉತ್ತುಕೊಂಡಂತಾಗುತ್ತದೆ. ಹಿಡಿದಿಟ್ಟ ತೇವದ ಬಲದಿಂದ ಹಿಂಗಾರಿಯ ಜೋಳ ಮಳೆಯಿಲ್ಲದೆಯೂ ಬೆಳೆಯುತ್ತದೆ. ಆದರೆ ರಸ್ತೆಗೆ ಇದೇ ಗುಣ ಶಾಪ.

ಏಕೆಂದರೆ ರಸ್ತೆಯ ಕೆಳಗಣ ಮಣ್ಣು ಎಲ್ಲೆಡೆಯೂ ಸಮನಾಗಿ ಉಬ್ಬುವುದಿಲ್ಲ. ಡಾಂಬರಿನ ಹೊದಿಕೆ ನಡುಭಾಗದ ತೇವವನ್ನು ಹೊರಬಿಡದೆ ಕಾಪಾಡುತ್ತದೆ. ಅಂಚುಗಳಿಗಾದರೋ ಅಂತಹ ಹೊದಿಕೆಯಿಲ್ಲ. ಅವು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ, ಮಳೆಗಾಲದಲ್ಲಿ ನೆನೆದು ಉಬ್ಬುತ್ತವೆ. ನಡುಭಾಗ ಅಲ್ಲಾಡದೆ ಅಂಚು ಮಾತ್ರ ಏರಿಳಿದಾಗ ಎರಡರ ನಡುವೆ ರಸ್ತೆಯ ಉದ್ದಕ್ಕೂ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಮಳೆನೀರು ಒಳಗಿಳಿಯುತ್ತದೆ. ನೆನೆದ ಎರೆಮಣ್ಣು ಹಿಟ್ಟಿನ ಮುದ್ದೆಯಂತೆ ಮೆತ್ತಗಾಗುತ್ತದೆ. ಮೇಲೆ ಭಾರ ಬಿದ್ದಾಗ ಖಡಿಯ ಕಲ್ಲುಗಳು ಅದರಲ್ಲಿ ಹೂತುಹೋಗುತ್ತವೆ, ಕೆಸರು ಮೇಲಕ್ಕೆ ಚಿಮ್ಮುತ್ತದೆ. ಅದೇ ಹೊಂಡದ ಹುಟ್ಟು.

ಸ್ಕಾಟ್ಲೆಂಡಿನ ಮೆಕಾಡಮ್ ಎಂಬಾತನು 1810ರ ದಶಕದಲ್ಲಿಯೇ ರಸ್ತೆಗಳ ವಿಷಯವಾಗಿ ಬರೆಯುತ್ತ, ಭಾರವನ್ನು ನಿಜವಾಗಿ ಹೊರುವುದು ಕೆಳಗಣ ನೆಲವೇ, ಅದನ್ನು ಒಣಗಿದಂತೆ ಇಟ್ಟರೆ ಎಂತಹ ಭಾರವನ್ನಾದರೂ ಹೊರುತ್ತದೆ ಎಂದು ಸಾರಿದ್ದನು. ಎರಡು ಶತಮಾನಗಳ ಬಳಿಕವೂ ಈ ಮಾತಿನ ಸತ್ಯ ಮಾಸಿಲ್ಲ. ಎರೆಸೀಮೆಯಲ್ಲಿ ರಸ್ತೆ ಬಾಳಬೇಕಾದರೆ ಮಾಡಬೇಕಾದುದಿಷ್ಟು. ರಸ್ತೆಯನ್ನು ಹೊಲದ ಮಟ್ಟಕ್ಕಿಂತ ಮೇಲೆತ್ತಬೇಕು. ಎರೆಯ ಮೇಲೆ ದಪ್ಪನಾದ ಗರಸಿನ ಪದರವನ್ನು ಹಾಸಿ ಅನಂತರ ಖಡಿಯನ್ನು ಹಾಕಬೇಕು. ಈ ಗರಸು ಮಡ್ಡಿಗುಡ್ಡಗಳಲ್ಲಿ ದೊರೆಯುತ್ತದೆ. ಇಲ್ಲವೆ ಎರೆಗೆ ಸುಣ್ಣವನ್ನು ಬೆರಸಬೇಕು. ಸುಣ್ಣದ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಗುಂಪುಗೂಡಿಸಿ ಅದರ ಉಬ್ಬುವ ಗುಣವನ್ನು ತಗ್ಗಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಇಕ್ಕೆಲಗಳಲ್ಲಿ ನೀರು ನಿಲ್ಲದೆ ಹರಿಯುವ ಗಟಾರಗಳಿರಬೇಕು. ಹೊಲಕ್ಕೆ ದಾರಿ ಮಾಡಿಕೊಳ್ಳಲೆಂದು ಗಟಾರವನ್ನು ಮುಚ್ಚಿದ ರೈತನು ತನಗರಿವಿಲ್ಲದೆ ತನ್ನ ದಾರಿಯನ್ನೇ ಅಗೆದಂತಾಗುತ್ತದೆ.

ಈ ಮಣ್ಣಿನ ಸ್ವಭಾವವನ್ನು ವಿದ್ಯಾರ್ಥಿಗಳು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಎರೆಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆಯ ಜಾಡಿಗಳಲ್ಲಿ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕಡ್ಡಿಯಿಂದ ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆ ಜೇಡಿಯ ಹಾಳೆಗಳ ನಡುವೆ ನುಸುಳಲಾರದು. ಆದುದರಿಂದ ಅದರಲ್ಲಿಯ ಮಣ್ಣು ಉಬ್ಬುವುದಿಲ್ಲ. ಸೀಮೆಎಣ್ಣೆಯಲ್ಲಿ ಮಣ್ಣು 10 ಮಿಲಿಲೀಟರು, ನೀರಿನಲ್ಲಿ 16 ಮಿಲಿಲೀಟರು ಸ್ಥಳವನ್ನು ಹಿಡಿಯಿತೆಂದು ಭಾವಿಸೋಣ; ಆಗ ಉಬ್ಬು ನೂರಕ್ಕೆ 60. ಈ ಸಂಖ್ಯೆ 50ನ್ನು ಮೀರಿದರೆ ಇಂಜಿನಿಯರರು ವಿಶೇಷ ಎಚ್ಚರಿಕೆಯನ್ನು ವಹಿಸುತ್ತಾರೆ. ಅದೇ ಪ್ರಯೋಗವನ್ನು ಮಸಾರಿ ಮಣ್ಣಿನಿಂದ ಮಾಡಿ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಸೀಮೆಎಣ್ಣೆಯನ್ನು ಬೆಂಕಿಯಿಂದ ದೂರವಿಡಬೇಕೆಂಬುದನ್ನು ಮಾತ್ರ ಮರೆಯಬಾರದು.

ಭಾರದ ಲೆಕ್ಕ

ನೀರಿನ ಜೊತೆಗೆ ರಸ್ತೆಯ ಎರಡನೆಯ ಶತ್ರು ಅತಿಭಾರ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಎಡೆಬಿಡದೆ ಓಡಿಸಿ ಒಂದು ದೊಡ್ಡ ಪ್ರಯೋಗವನ್ನು ನಡೆಸಿದರು. ಅದರಿಂದ ದೊರೆತ ನಿಯಮ ಆಶ್ಚರ್ಯಕರವಾದುದು: ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಸುಮಾರಾಗಿ ಆ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಇಮ್ಮಡಿಯಲ್ಲ, ಹದಿನಾರು ಮಡಿ. ಭಾರವನ್ನು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿಸಿದರೆ ಸಾಕು, ಹಾನಿ ಇಮ್ಮಡಿಯಾಗುತ್ತದೆ, 1.2ರ ನಾಲ್ಕನೆಯ ಘಾತವನ್ನು ಲೆಕ್ಕಹಾಕಿ ನೋಡಿದರೆ ಇದು ಸ್ಪಷ್ಟವಾಗುವುದು.

ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಕಬ್ಬು ಹಬ್ಬಿದೆ. ಹತ್ತಿ ಹಗುರವಾದ ಸರಕು. ಕಬ್ಬಾದರೋ ನೀರು ತುಂಬಿದ ಭಾರ. ಸುಗ್ಗಿಯ ಕಾಲದಲ್ಲಿ ಒಂದರ ಹಿಂದೆ ಒಂದು ಟ್ರೇಲರನ್ನು ಕಟ್ಟಿಕೊಂಡು, ಮೇಲೆ ಬೆಟ್ಟದಂತೆ ಕಬ್ಬನ್ನು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ಈ ದಾರಿಗಳಲ್ಲಿ ಕಾಣದವರಾರು? ಜೋಳದ ಕಾಲದ ಚಕ್ಕಡಿಗೆಂದು ಮೂಡಿದ ದಾರಿಯ ಮೇಲೆ ಇಂದಿನ ಕಬ್ಬು ಸಾಗುತ್ತಿದೆ. ಇನ್ನೊಂದು ಅಪಾಯವೂ ಉಂಟು. ಹಿಂಬದಿಯಲ್ಲಿ ದೀಪವಾಗಲಿ ಹೊಳೆಯುವ ಕೆಂಪು ಪಟ್ಟಿಯಾಗಲಿ ಇಲ್ಲದ ಟ್ರೇಲರು ಕತ್ತಲೆಯಲ್ಲಿ ನಿಂತಿದ್ದರೆ, ಹಿಂದಿನಿಂದ ಬರುವವನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಗಂಟೆಗೆ 60 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಕಂಡುದನ್ನು ಅರಿತು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿಯೇ ಒಂದು ಸೆಕೆಂಡಾದರೂ ಕಳೆದುಹೋಗುವುದು. ಕೆಲವೇ ರೂಪಾಯಿ ಬೆಲೆಯ ಕೆಂಪು ಪಟ್ಟಿಯೊಂದು ಆ ಸೆಕೆಂಡನ್ನು ಮರಳಿ ಕೊಡಬಲ್ಲುದು.

ಬಿಸಿಲಿನಲ್ಲಿ ಬರುವ ನೆರೆ

ಮಳೆ ಕಡಿಮೆಯಾದ ರಾಮದುರ್ಗದ ಸೀಮೆಗೆ ನೆರೆಯ ಭಯವೇಕೆ ಎಂದು ಕೇಳಬಹುದು. ನದಿ ತರುವುದು ಅಲ್ಲಿಯ ಮಳೆಯನ್ನಲ್ಲ, ಕಣಕುಂಬಿಯ ಮಳೆಯನ್ನು. 2019ರ ಆಗಸ್ಟಿನಲ್ಲಿ ಘಟ್ಟದಲ್ಲಿ ಭಾರಿ ಮಳೆ ಬಿದ್ದು, ನವಿಲುತೀರ್ಥದ ಅಣೆಕಟ್ಟಿನಿಂದ ನೀರನ್ನು ಬಿಡಬೇಕಾಗಿ ಬಂದಾಗ, ನದಿಯ ದಂಡೆಯ ಅನೇಕ ಹಳ್ಳಿಗಳಿಗೂ ರಾಮದುರ್ಗ ಪಟ್ಟಣದ ತಗ್ಗುಭಾಗಕ್ಕೂ ನೀರು ನುಗ್ಗಿತು. ತಗ್ಗಿನ ಸೇತುವೆಗಳು ಮುಳುಗಿದುವು. ನಡುಗಡ್ಡೆಯೆಂಬ ಮಾತು ಆಗ ಬರಿಯ ಉಪಮೆಯಾಗಿ ಉಳಿಯಲಿಲ್ಲ.

ಇಂತಹ ಹೊತ್ತಿನಲ್ಲಿ ಮುಳುಗಿದ ಸೇತುವೆಯ ಮೇಲೆ ಕಾರನ್ನು ನಡೆಸುವ ಸಾಹಸವನ್ನು ಯಾರೂ ಮಾಡಬಾರದು. ಇದಕ್ಕೆ ಆರ್ಕಿಮಿಡೀಸನ ಸೂತ್ರವೇ ಸಾಕ್ಷಿ. ಕಾರಿನ ತೂಕ 1,000 ಕಿಲೋಗ್ರಾಂ, ಅದರ ತಳದ ವಿಸ್ತಾರ 6 ಚದರ ಮೀಟರು ಎಂದಿಟ್ಟುಕೊಳ್ಳೋಣ. ತಳಕ್ಕಿಂತ ಮೇಲೆ ನೀರು 10 ಸೆಂಟಿಮೀಟರು ಏರಿದರೆ ಕಾರು 600 ಕಿಲೋಗ್ರಾಂ ನೀರನ್ನು ಸ್ಥಳಾಂತರಿಸುತ್ತದೆ. 17 ಸೆಂಟಿಮೀಟರು ಏರಿದರೆ ಸಾವಿರಕ್ಕೂ ಮೇಲೆ. ಒಳಗೆ ನೀರು ತುಂಬುವ ಮೊದಲೇ ಕಾರು ತೇಲತೊಡಗುತ್ತದೆ. ತಳವು ನೆಲದಿಂದ 20 ಸೆಂಟಿಮೀಟರು ಎತ್ತರದಲ್ಲಿದ್ದರೂ, ಮೊಳಕಾಲಿನಷ್ಟು ನೀರು ಅದನ್ನು ಎತ್ತಿಬಿಡುವುದು. ಗಾಲಿಗಳ ಹಿಡಿತ ತಪ್ಪಿದ ಮೇಲೆ ದಿಕ್ಕನ್ನು ನಿರ್ಧರಿಸುವವನು ಚಾಲಕನಲ್ಲ, ನದಿ. ಅದೂ ಅಲ್ಲದೆ ಹರಿವ ನೀರಿನ ನೂಕು ಅದರ ವೇಗದ ವರ್ಗದಂತೆ ಹೆಚ್ಚುವುದು. ವೇಗ ಇಮ್ಮಡಿಯಾದರೆ ನೂಕು ನಾಲ್ಮಡಿ.

ಮುಂದಿನ ದಾರಿ

ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಸುಮಾರು 73 ಕಿಲೋಮೀಟರಿನ ಹೊಸ ರೈಲುಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ದೊರೆಯಿತು. ಲೋಕಾಪುರದಿಂದ ರಾಮದುರ್ಗ, ಸವದತ್ತಿಗಳ ಮೇಲೆ ಧಾರವಾಡಕ್ಕೆ ಹಳಿ ಬರಬೇಕೆಂಬುದು ಆ ಸೀಮೆಯವರ ಬಹುಕಾಲದ ಬೇಡಿಕೆ. ಹಳಿ ಬಂದರೆ ಕಬ್ಬು ಹತ್ತಿಗಳ ಭಾರವೂ ಯಾತ್ರಿಕರ ದಟ್ಟಣೆಯೂ ರಸ್ತೆಯ ಬೆನ್ನ ಮೇಲಿಂದ ಒಂದಿಷ್ಟು ಇಳಿಯುವುದರಲ್ಲಿ ಸಂದೇಹವಿಲ್ಲ. ಆದರೆ ಹಳಿ ಬಂದರೂ ಅದು ಕೆಲವೇ ಊರುಗಳನ್ನು ಮುಟ್ಟೀತು. ಹಳ್ಳಿಯಿಂದ ನಿಲ್ದಾಣಕ್ಕೆ, ಹೊಲದಿಂದ ಪೇಟೆಗೆ, ಮನೆಯಿಂದ ಹೆರಿಗೆಯ ಆಸ್ಪತ್ರೆಗೆ ಹೋಗುವ ದಾರಿ ಎಂದೆಂದಿಗೂ ರಸ್ತೆಯೇ.

ಆದುದರಿಂದ ರಸ್ತೆಯನ್ನು ಕಟ್ಟುವುದರಷ್ಟೇ ಕಾಪಾಡುವುದೂ ಮುಖ್ಯ. ಗಟಾರ ತೆರೆದಿರಲಿ, ಭಾರ ಮಿತಿಯಲ್ಲಿರಲಿ, ಸೇತುವೆ ನೆರೆಗಿಂತ ಎತ್ತರವಾಗಿರಲಿ. ಈ ಮೂರೂ ದೊಡ್ಡ ಶಾಸ್ತ್ರಗಳಲ್ಲ. ಮಣ್ಣಿನ, ಭಾರದ, ನೀರಿನ ಸಾಮಾನ್ಯ ನಿಯಮಗಳು. 1876ರಲ್ಲಿ ದಾರಿಯಿಲ್ಲದೆ ಅಳಿದವರ ಸಂಖ್ಯೆ ಜನಗಣತಿಯ ಪುಟಗಳಲ್ಲಿ ಉಳಿದಿದೆ. ಮುಂದಿನ ಮಳೆಗಾಲದಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಾಗ ನಮ್ಮ ತರುಣ ಓದುಗರು ರಸ್ತೆಯ ಅಂಚಿನ ಬಿರುಕನ್ನೊಮ್ಮೆ ಬಗ್ಗಿ ನೋಡಲಿ. ನೀರು ಎಲ್ಲಿಂದ ಬಂದು ಎಲ್ಲಿ ನಿಂತಿದೆ ಎಂಬುದನ್ನು ಗಮನಿಸಲಿ. ಆ ಬಿರುಕನ್ನು ಓದಬಲ್ಲ ತರುಣರು ಊರಿಗೆ ನಾಲ್ವರಿದ್ದರೂ ಸಾಕು, ಈ ನಡುಗಡ್ಡೆಯ ದಾರಿಗಳು ಇನ್ನಷ್ಟು ಕಾಲ ಬಾಳುವುವು.